ಶಾರ್ಟ್‌ಕಟ್ ಕಲಿಯುವ ಮೊದಲು ಕೈಯ ಲೆಕ್ಕ ಇಡಿ

ಕೀಬೋರ್ಡ್ ಶಾರ್ಟ್‌ಕಟ್‌ಗಳ ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೋಣೆಗಳು ಗದಗಿನಲ್ಲಿ ಬೇಕಾದಷ್ಟಿವೆ. ಕಾಗದ ಹಳದಿಯಾಗುತ್ತದೆ, ಆಪರೇಟರ್‌ನ ಬಲಗೈ ಮಾತ್ರ ಮೌಸ್ ಬಿಟ್ಟು ಏಳುವುದಿಲ್ಲ. ಇದು ಸೋಮಾರಿತನವಲ್ಲ. ನೂರಾರು ಶಾರ್ಟ್‌ಕಟ್‌ಗಳಲ್ಲಿ ತನ್ನ ಕೆಲಸಕ್ಕೆ ಬೇಕಾದವು ಯಾವುವು ಎಂದು ಆ ಪಟ್ಟಿ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ನಮ್ಮ ಕೈ ಒಂದೇ, ಅದೂ ಅದರ ಓಡಾಟವನ್ನು ಬರೆದಿಟ್ಟುಕೊಂಡರೆ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಸಂಕೇಶ್ವರ, ಶಾಬಾದಿಮಠ ಎಂಬ ಪ್ರಕಾಶಕರ ಹೆಸರುಗಳನ್ನು ಪುಸ್ತಕಗಳ ಮೇಲೆ ಓದುತ್ತಲೇ ನಮ್ಮ ಭಾಗದವರು ಬೆಳೆದಿದ್ದೇವೆ. ನಾನು ಕೆಲಸ ಮಾಡುವುದು ಚಿಕ್ಕ ಪ್ರೆಸ್‌ನಲ್ಲಿ: ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ನಡುವೆ ಯಾರಾದರೂ ನಿವೃತ್ತ ಶಿಕ್ಷಕರ ಕವನ ಸಂಕಲನ. ಒಂದೇ ಕಂಪ್ಯೂಟರಿನಲ್ಲಿ ವಿನ್ಯಾಸಕ್ಕೆ ಕೋರೆಲ್‌ಡ್ರಾ, ಪುಟ ಜೋಡಿಸಲು ಪೇಜ್‌ಮೇಕರ್, ಪಠ್ಯ ಹೊಡೆಯಲು ವರ್ಡ್ ಮೂರೂ ತೆರೆದಿರುತ್ತವೆ. ಮದುವೆಯ ಹಂಗಾಮಿನಲ್ಲಿ ಸಂಜೆಯ ಹೊತ್ತಿಗೆ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ಕೆಲಸವನ್ನು ಕಡಿಮೆ ಮಾಡುವಂತಿರಲಿಲ್ಲ, ಓಡಾಟವನ್ನೇ ಕಡಿಮೆ ಮಾಡಬೇಕಿತ್ತು.

ಲೆಕ್ಕ ಇಡಲು ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆ. ಅದರಲ್ಲಿ ನಾಲ್ಕಾರು ಸಾಲಿನ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆದೇಶಗಳ ಪಟ್ಟಿ ಬರೆದರೆ, ಕಂಟ್ರೋಲ್ ಅಥವಾ ಆಲ್ಟ್ ಜೊತೆಗೆ ಕೀಲಿ ಒತ್ತಿದಾಗಲೆಲ್ಲ ಸಮಯ, ತೆರೆದಿರುವ ತಂತ್ರಾಂಶ ಮತ್ತು ಒತ್ತಿದ ಜೋಡಿ ಒಂದು ಪಠ್ಯ ಕಡತಕ್ಕೆ ಸೇರುತ್ತಾ ಹೋಗುತ್ತವೆ. ಕೀಲಿಯ ಹೆಸರಿಗೆ ಮೊದಲು ~ ಚಿಹ್ನೆಯನ್ನು ಹಾಕಲೇಬೇಕು. ಹಾಕದಿದ್ದರೆ ಸ್ಕ್ರಿಪ್ಟೇ ಆ ಕೀಲಿಯನ್ನು ನುಂಗಿಬಿಡುತ್ತದೆ, ಕೋರೆಲ್‌ಡ್ರಾಗೆ ಏನೂ ತಲುಪುವುದಿಲ್ಲ. ಬರಿಯ ಅಕ್ಷರಗಳನ್ನು ದಾಖಲಿಸಬಾರದು ಎಂಬುದು ನನ್ನ ಖಡಾಖಂಡಿತ ನಿಯಮ. ಗ್ರಾಹಕರ ಮಗಳ ಮದುವೆಯ ವಿವರ, ಅವರ ಮೊಬೈಲ್ ಸಂಖ್ಯೆ ನಮ್ಮ ಲೆಕ್ಕದ ಕಡತಕ್ಕೆ ಬರುವ ಕಾರಣವೇ ಇಲ್ಲ. ಆಂಟಿವೈರಸ್ ಇಂಥ ಸ್ಕ್ರಿಪ್ಟನ್ನು ಅನುಮಾನದಿಂದ ನೋಡುವುದುಂಟು, ಅದು ನ್ಯಾಯವೇ. ಆದ್ದರಿಂದ ಮಾಲಕರಿಗೆ ತಿಳಿಸಿ, ಒಪ್ಪಿಗೆ ಪಡೆದೇ ಆರಂಭಿಸಿದೆ.

ಒತ್ತಿದ ಶಾರ್ಟ್‌ಕಟ್‌ಗಳ ಲೆಕ್ಕಕ್ಕಿಂತ ಒತ್ತದೇ ಬಿಟ್ಟವುಗಳ ಲೆಕ್ಕ ಹೆಚ್ಚು ಬೆಲೆಯದ್ದು. ಅದಕ್ಕಾಗಿ ಪರದೆಯ ಮೇಲ್ಭಾಗದಲ್ಲಿ ಮೆನು ಮತ್ತು ಗುಂಡಿಗಳಿರುವ ಪಟ್ಟಿಯೊಳಗೆ ಬಿದ್ದ ಕ್ಲಿಕ್‌ಗಳನ್ನೂ ಬಲ ಕ್ಲಿಕ್‌ಗಳನ್ನೂ ಎಣಿಸುವಂತೆ ಸ್ಕ್ರಿಪ್ಟಿಗೆ ಹೇಳಿದೆ. ಯಾವ ಆಜ್ಞೆಗಾಗಿ ಕ್ಲಿಕ್ ಮಾಡಿದೆ ಎಂಬುದು ಸ್ಕ್ರಿಪ್ಟಿಗೆ ತಿಳಿಯುವುದಿಲ್ಲ. ಅದಕ್ಕೆ ಮಗ್ಗುಲಲ್ಲೇ ಒಂದು ನೋಟ್‌ಬುಕ್ ಇಟ್ಟು, ಮೆನುವಿಗೆ ಹೋದಾಗಲೆಲ್ಲ ಆ ಆಜ್ಞೆಯ ಹೆಸರಿನ ಮುಂದೆ ಒಂದು ಗೀಟು ಎಳೆದೆ. ಕೆಲಸ ನಿಧಾನವಾಗುತ್ತದೆ, ಆದರೆ ಆ ಗೀಟುಗಳು ತೋರಿಸಿದಷ್ಟನ್ನು ಯಾವ ತಂತ್ರಾಂಶವೂ ತೋರಿಸಲಿಲ್ಲ.

ಎಲ್ಲಕ್ಕಿಂತ ಉದ್ದನೆಯ ಸಾಲು ಕೋರೆಲ್‌ಡ್ರಾದಲ್ಲಿ ವಸ್ತುಗಳನ್ನು ಸಾಲಿಗೆ ತರುವ ಅಲೈನ್ ಆಜ್ಞೆಯದು. ಲಗ್ನಪತ್ರಿಕೆಯಲ್ಲಿ 'ಶ್ರೀ ತ್ರಿಕೂಟೇಶ್ವರ ಪ್ರಸನ್ನ' ಎಂಬ ತಲೆಸಾಲಿನಿಂದ ಹಿಡಿದು ಕೆಳಗಿನ ಆಮಂತ್ರಿಸುವವರ ಹೆಸರಿನವರೆಗೆ ಎಲ್ಲವೂ ನಡುವಿಗೆ ಬರಬೇಕು. ಇದಕ್ಕೆ ಕಂಟ್ರೋಲ್ ಕೂಡ ಬೇಡ. ವಸ್ತುವನ್ನು ಆರಿಸಿ ಪಿ ಒತ್ತಿದರೆ ಪುಟದ ನಡುವಿಗೆ ಬರುತ್ತದೆ. ಹಲವನ್ನು ಒಂದೊಂದಾಗಿ ಆರಿಸಿ ಸಿ ಒತ್ತಿದರೆ ಎಲ್ಲವೂ ಒಂದೇ ನೆಟ್ಟ ಸಾಲಿಗೆ ಕೂಡುತ್ತವೆ, ಇ ಒತ್ತಿದರೆ ಅಡ್ಡ ಸಾಲಿಗೆ. ಕೊನೆಗೆ ಆರಿಸಿದ ವಸ್ತು ನಿಂತಲ್ಲೇ ಇರುತ್ತದೆ, ಉಳಿದವು ಅದರ ಕಡೆಗೆ ಸರಿಯುತ್ತವೆ. ಕರ್ಸರ್ ಇನ್ನೂ ಅಕ್ಷರಗಳ ನಡುವೆ ಇದ್ದರೆ ಮಾತ್ರ ಪಿ ಒತ್ತಿದಾಗ ವಧುವಿನ ಹೆಸರಿನ ಮಧ್ಯೆ ಒಂದು ಅಕ್ಷರ ಮೂಡುತ್ತದೆ. ಹಾಗಾಗಿ ಮೊದಲು ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ, ವಸ್ತುಗಳನ್ನು ಆರಿಸುವ ಪಿಕ್ ಟೂಲ್‌ಗೆ ಬರಬೇಕು. ಇವೆರಡನ್ನೂ ಒಂದೇ ಉಸಿರಿನಲ್ಲಿ ಒತ್ತುವಂತೆ ಕಲಿತ ಮೇಲೆಯೇ ಅಲೈನ್ ಮೆನುವಿನ ಗೀಟುಗಳು ನಿಂತವು.

ಎರಡನೆಯದು ಫೋಟೋವನ್ನು ಚೌಕಟ್ಟಿನೊಳಗೆ ಕೂಡಿಸುವ ಪವರ್‌ಕ್ಲಿಪ್. ಹಳೆಯ ಆವೃತ್ತಿಗಳಲ್ಲಿ ಆಲ್ಟ್ ಹಿಡಿದು ಸಿ, ಡಬ್ಲ್ಯೂ, ಪಿ ಎಂದು ಒತ್ತುವ ದಾರಿ ನಮ್ಮ ಆಪರೇಟರ್‌ಗಳ ಬಾಯಲ್ಲೇ ಇತ್ತು. ಮೆನುವಿನ ಜೋಡಣೆ ಬದಲಾದಾಗ ಇಂಥ ದಾರಿ ಕೆಡುತ್ತದೆ. ಹೊಸ ಆವೃತ್ತಿಯಲ್ಲಿ ಆ ಆಜ್ಞೆಗೆ ನಾನೇ ಎಡಗೈಗೆ ಸಿಗುವ ಒಂದು ಕೀಲಿಯನ್ನು ಕೊಟ್ಟುಕೊಂಡೆ. ಎಡಗೈ ಎಂದೆ, ಏಕೆಂದರೆ ಬಲಗೈ ಮೌಸ್ ಮೇಲಿರುವಾಗ ಕೀಬೋರ್ಡಿನ ಎಡಭಾಗವೇ ನಮ್ಮ ಪಾಲು. ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಅಲ್ಲಿ ಸಾಲಾಗಿ ಕೂತಿರುವುದೂ ಆಕಸ್ಮಿಕವಲ್ಲ. ಕತ್ತರಿಸಿ ಅಂಟಿಸುವ ಕ್ರಮವನ್ನು ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಲ್ಯಾರಿ ಟೆಸ್ಲರ್ ಮುಂದೆ ಆಪಲ್ ಸೇರಿದರು, 1983ರ ಲೀಸಾ ಕಂಪ್ಯೂಟರಿನೊಂದಿಗೆ ಈ ಕೀಲಿಗಳು ಬಂದವು. 2020ರಲ್ಲಿ ಅವರು ತೀರಿಕೊಂಡರು. ದಿನಕ್ಕೆ ಸಾವಿರ ಸಲ ಅವರ ಕೆಲಸವನ್ನು ಬಳಸುವ ನಾವು ಆ ಹೆಸರನ್ನಾದರೂ ತಿಳಿದಿರಬೇಕು.

ದಾಖಲೆ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು, ಸಾಲುಗಳನ್ನು ಗುಂಪು ಮಾಡಿ ಎಣಿಸುವ ಪಿವಟ್ ಟೇಬಲ್ ಮಾಡಿದಾಗ ಕಂಡ ಇನ್ನೊಂದು ಸಂಗತಿಯೇ ನನಗೆ ಹೆಚ್ಚು ಉಪಯೋಗವಾಯಿತು. ಒಂದು ಶಾರ್ಟ್‌ಕಟ್ ಒತ್ತಿದ ಎರಡು ಕ್ಷಣದೊಳಗೆ, ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಝಡ್ ಬಂದಿದ್ದರೆ, ಕೈ ಬೇರೆ ತಂತ್ರಾಂಶದ ಅಭ್ಯಾಸದಲ್ಲಿತ್ತು ಎಂದೇ ಅರ್ಥ. ಕಂಟ್ರೋಲ್ ಡಿ ಕೋರೆಲ್‌ಡ್ರಾದಲ್ಲಿ ಪ್ರತಿ ಮಾಡುತ್ತದೆ, ಪೇಜ್‌ಮೇಕರ್‌ನಲ್ಲಿ ಕಡತವನ್ನು ತಂದು ಕೂಡಿಸುವ ಪ್ಲೇಸ್ ಕಿಟಕಿ ತೆರೆಯುತ್ತದೆ, ವರ್ಡ್‌ನಲ್ಲಿ ಫಾಂಟ್ ಕಿಟಕಿ. ಕಂಟ್ರೋಲ್ ಕ್ಯೂ ಇನ್ನೂ ಜಟಿಲ: ಪೇಜ್‌ಮೇಕರ್‌ನಲ್ಲಿ ತಂತ್ರಾಂಶವನ್ನೇ ಮುಚ್ಚಲು ಹೊರಡುತ್ತದೆ, ವರ್ಡ್‌ನಲ್ಲಿ ಪ್ಯಾರಾಗ್ರಾಫ್ ಜೋಡಣೆಯನ್ನು ತೆಗೆಯುತ್ತದೆ, ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಆಗಿಸುತ್ತದೆ, ಅಂದರೆ ಬರಿಯ ಗೆರೆಯ ಆಕಾರವಾಗಿ ಬದಲಿಸುತ್ತದೆ. ಮುದ್ರಣದ ಪ್ಲೇಟ್ ಮಾಡುವ ಕಡೆ ನಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡದಿರಲು ಈ ಕರ್ವ್ ಬೇಕೇ ಬೇಕು. ಆದರೆ ಕರ್ವ್ ಆದದ್ದನ್ನು ತಿದ್ದಲಾಗದು, ಮುಹೂರ್ತದ ಸಮಯ ಬದಲಾದರೆ ಮೊದಲಿನಿಂದ ಹೊಡೆಯಬೇಕು. ನನ್ನ ಕೈಗೆ ಕಲಿಸಿದ್ದು ಮೂರನ್ನು ಒಟ್ಟಿಗೆ: ಕಂಟ್ರೋಲ್ ಶಿಫ್ಟ್ ಎಸ್ ಒತ್ತಿ ಬೇರೆ ಹೆಸರಿನಲ್ಲಿ ಉಳಿಸು, ಕಂಟ್ರೋಲ್ ಎ, ಆಮೇಲೆ ಕಂಟ್ರೋಲ್ ಕ್ಯೂ. ಕಂಟ್ರೋಲ್ ಎ ತೆರೆದ ಪುಟವನ್ನಷ್ಟೇ ಆರಿಸುವುದರಿಂದ ಪುಟಗಳು ಹೆಚ್ಚಿದ್ದರೆ ಪ್ರತಿ ಪುಟಕ್ಕೂ ಮಾಡಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಯಾವ ಇಂಗ್ಲಿಷ್ ಪಟ್ಟಿಯೂ ಹೇಳದ ಅಪಾಯಗಳೂ ಇವೆ. ಕನ್ನಡ ಹೊಡೆಯುವ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ (ಪ್ರತಿ ಲಿಪಿಗೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕೂತಿರುತ್ತವೆ. ಅಂಥ ಪಠ್ಯವನ್ನು ಆರಿಸಿ ವರ್ಡ್‌ನಲ್ಲಿ ಶಿಫ್ಟ್ ಎಫ್3 ಒತ್ತಿದರೆ ಚಿಕ್ಕಕ್ಷರ ದೊಡ್ಡಕ್ಷರವಾಗುತ್ತದೆ, ಅಂದರೆ ಕನ್ನಡದಲ್ಲಿ ಬೇರೆಯೇ ಅಕ್ಷರವಾಗುತ್ತದೆ. ಕಂಟ್ರೋಲ್ ಸ್ಪೇಸ್ ಒತ್ತಿದರೆ ಕೈಯಿಂದ ಕೊಟ್ಟ ಫಾಂಟ್ ಕಳಚಿ ಪುಟವೆಲ್ಲ ಅರ್ಥವಿಲ್ಲದ ಲಿಪಿಯಾಗುತ್ತದೆ. ಇದಕ್ಕೆ ಫಾಂಟನ್ನು ಮತ್ತೆ ಕೊಟ್ಟರೆ ಸಾಕು. ಶಿಫ್ಟ್ ಎಫ್3 ಒತ್ತಿದ್ದು ಗಮನಕ್ಕೆ ಬಾರದೆ ಕಡತ ಮುಚ್ಚಿದರೆ ಪ್ರೂಫ್ ನೋಡುವವರೇ ಗತಿ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಸೌಲಭ್ಯವನ್ನೂ ಇದೇ ಕಾರಣಕ್ಕೆ ಆಫ್ ಮಾಡಿಡಬೇಕು. ಕಡತ ನುಡಿಯದ್ದೋ ಯೂನಿಕೋಡೋ ಎಂದು ಮೊದಲು ನೋಡದೆ ನಾನು ವರ್ಡ್‌ನಲ್ಲಿ ಕೈ ಓಡಿಸುವುದಿಲ್ಲ.

ಕಲಿಯುವ ಕ್ರಮ ಸರಳ. ಹೆಚ್ಚು ಗೀಟು ಬಿದ್ದ ಮೂರು ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸುತ್ತೇನೆ. ಆ ಮೂರರ ಗುಂಡಿಗಳನ್ನು ಟೂಲ್‌ಬಾರ್‌ನಿಂದ ತೆಗೆದುಹಾಕುತ್ತೇನೆ, ಮೌಸ್ ಹೋದರೂ ಅಲ್ಲಿ ಏನೂ ಸಿಗಬಾರದು. ಚೀಟಿ ನೋಡದೆ ಬರುವವರೆಗೆ ನಾಲ್ಕನೆಯದನ್ನು ಸೇರಿಸುವುದಿಲ್ಲ.

ಕಳೆದ ಹಂಗಾಮಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, "ಅಕ್ಕಾ, ನಿಮ್ಮ ಚೀಟಿಯನ್ನೇ ಕೊಡಿ, ನಾನೂ ಅದನ್ನೇ ಅಂಟಿಸಿಕೊಳ್ಳುತ್ತೇನೆ" ಎಂದಳು. ಕೊಡಲಿಲ್ಲ. ಅವಳ ಒಪ್ಪಿಗೆ ಕೇಳಿ ಅವಳ ಕಂಪ್ಯೂಟರಿನಲ್ಲೂ ಸ್ಕ್ರಿಪ್ಟ್ ಹಚ್ಚಿದೆ, ಒಂದು ನೋಟ್‌ಬುಕ್ ಕೊಟ್ಟೆ. ಅವಳ ಪಾಲಿಗೆ ಬರುವುದು ಹೆಚ್ಚಾಗಿ ಬಿಲ್ ಬುಕ್. ಅಲೈನ್‌ಗೆ ಅವಳ ಪುಟದಲ್ಲಿ ಗೀಟೇ ಇಲ್ಲವೆನ್ನುವಷ್ಟು ಕಡಿಮೆ, ಪ್ರತಿ ಮಾಡಿ ಸರಿಸುವುದಕ್ಕೆ ಸಾಲು ಸಾಲು ಗೀಟು. ಒಂದು ಗೆರೆಯನ್ನು ಕೆಳಗೆ ಎಳೆಯುತ್ತಾ ಬಲ ಕ್ಲಿಕ್ ಮಾಡಿ ಪ್ರತಿ ಬಿಟ್ಟರೆ, ಆಮೇಲೆ ಕಂಟ್ರೋಲ್ ಆರ್ ಒತ್ತಿದಷ್ಟು ಸಲ ಅದೇ ಅಂತರದಲ್ಲಿ ಗೆರೆಗಳು ಬೀಳುತ್ತಾ ಹೋಗುತ್ತವೆ ಎಂದು ತೋರಿಸಿದೆ. ಅವಳ ಚೀಟಿಯ ಮೊದಲ ಸಾಲಿನಲ್ಲಿ ಈಗ ಅದಿದೆ.