ಲ್ಯಾಟಿನ್‌ನ ‘ನೂಬೆರೆ’ ಪದವನ್ನು ಓದುವುದು ಹೇಗೆ, ಅದರ ಮೂಲ ಹುಡುಕುವುದು ಹೇಗೆ

ಲ್ಯಾಟಿನ್ ಕಲಿಯುವವರು ‘ನೂಬೆರೆ ಅಂದ್ರೆ ಮದುವೆಯಾಗು’ ಅಂತ ಬರೆದುಕೊಂಡು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಅಷ್ಟು ಸಾಲದು.

ಮೊದಲು ಮದುವೆಯಾಗುತ್ತಿರುವುದು ಯಾರು ಅಂತ ನೋಡಿ. ಹಳೆಯ ಲ್ಯಾಟಿನ್‌ನಲ್ಲಿ ನೂಬೆರೆ ಹೆಣ್ಣಿಗೆ ಮಾತ್ರ. ಗಂಡಿಗೆ ‘ಉಕ್ಸೋರೆಂ ದೂಕೆರೆ’ ಅನ್ನುತ್ತಿದ್ದರು, ಅಂದ್ರೆ ಹೆಂಡತಿಯನ್ನು ಕರೆದೊಯ್ಯು. ರೋಮ್‌ನಲ್ಲಿ ಮದುಮಗಳನ್ನು ದೀವಟಿಗೆ ಬೆಳಕಲ್ಲಿ ಗಂಡನ ಮನೆಗೆ ಮೆರವಣಿಗೆ ಮಾಡಿ ಕರೆತರುತ್ತಿದ್ದರು ಅಲ್ವಾ, ಅದೇ ಇದು. ಕವಿ ಮಾರ್ಷಿಯಲ್ ಈ ವ್ಯತ್ಯಾಸವನ್ನೇ ಹಿಡಿದು ಆಟ ಆಡಿದ್ದಾನೆ: ಶ್ರೀಮಂತಳನ್ನು ಯಾಕೆ ಕಟ್ಟಿಕೊಳ್ಳಲ್ಲ ಅಂದ್ರೆ, ನನ್ನ ಹೆಂಡತಿಗೇ ನಾನು ‘ನೂಬೆರೆ’ ಮಾಡಲು ಇಷ್ಟವಿಲ್ಲ ಅನ್ನುತ್ತಾನೆ. ನಿಯಮ ಗೊತ್ತಿಲ್ಲದಿದ್ದರೆ ಈ ಸಾಲು ಅರ್ಥವೇ ಆಗಲ್ಲ.

ಆಮೇಲೆ ವಿಭಕ್ತಿ ನೋಡಿ. ಗಂಡನ ಹೆಸರು ಚತುರ್ಥಿಯಲ್ಲಿ ಬರುತ್ತದೆ. ‘ತುಲ್ಲಿಯಾ ಪೀಸೋನೀ ನೂಪ್ಸಿತ್’, ರೋಮನ್ ವಾಗ್ಮಿ ಸಿಸೆರೋನ ಮಗಳು ತುಲ್ಲಿಯಾ ಪೀಸೋನನ್ನು ಮದುವೆಯಾದಳು. ಆ ಕೊನೆಯ ‘ಈ’ ನಮ್ಮ ‘ಗೆ’ ಇದ್ದ ಹಾಗೆ.

ಬರಹ ಯಾವ ಕಾಲದ್ದು ಅನ್ನೋದನ್ನೂ ಗಮನಿಸಿ. ಲ್ಯಾಟಿನ್ ಬೈಬಲಿನ ಮತ್ತಾಯ 22:30ರಲ್ಲಿ ಗಂಡಸರ ಮದುವೆಗೂ ಇದೇ ಕ್ರಿಯಾಪದ ಬಳಸಿದ್ದಾರೆ, ಅಲ್ಲಿ ಹಳೆಯ ನಿಯಮ ಹೇರಬೇಡಿ.

ಇನ್ನು ಮೂಲ. ರೋಮನ್ನರು ಇದನ್ನು ‘ನೂಬೇಸ್’, ಅಂದ್ರೆ ಮೋಡ, ಆ ಪದದ ಜೊತೆ ಸೇರಿಸುತ್ತಿದ್ದರು. ಮೋಡ ಆಕಾಶ ಮುಚ್ಚುತ್ತದೆ, ಮದುಮಗಳು ‘ಫ್ಲಾಮ್ಮೆಯುಂ’ ಅನ್ನುವ ಬೆಂಕಿ ಬಣ್ಣದ ಮುಸುಕು ಹಾಕಿಕೊಳ್ಳುತ್ತಾಳೆ. ರೋಮನ್ ವಿದ್ವಾಂಸ ವಾರ್ರೋ ಕೂಡ ಮದುವೆಯ ಪದವನ್ನು ಮುಚ್ಚುವುದಕ್ಕೇ ಜೋಡಿಸಿದ್ದಾನೆ. ‘ಒಬ್ನೂಬೆರೆ’ ಅಂದ್ರೆ ನಿಜವಾಗಿಯೂ ಮುಸುಕು ಹಾಕು, ಹಾಗಾಗಿ ಈ ವಿವರಣೆ ತಕ್ಷಣ ಒಪ್ಪಿಗೆಯಾಗುತ್ತದೆ. ಆದರೆ ಅಲ್ಲೇ ನಿಲ್ಲಬೇಡಿ, ದಾಯಾದಿ ಭಾಷೆಗಳನ್ನು ನೋಡಿ: ಚೆಕ್ ಭಾಷೆಯಲ್ಲಿ ‘ಸ್ನೊಉಬೆನೆತ್ಸ್’ ಅಂದ್ರೆ ನಿಶ್ಚಿತಾರ್ಥ ಆದ ಹುಡುಗ, ಹಳೆಯ ಸ್ಲಾವಿಕ್‌ನಲ್ಲೂ ಇದೇ ಬೇರಿನ ಪದ ಹೆಣ್ಣು ಕೇಳುವುದಕ್ಕೆ ಸಂಬಂಧಿಸಿದ್ದು, ಅಲ್ಲೆಲ್ಲೂ ಮುಸುಕಿನ ಸುದ್ದಿಯೇ ಇಲ್ಲ. ಗ್ರೀಕ್‌ನ ‘ನುಂಫೇ’, ಅಂದ್ರೆ ಮದುಮಗಳು, ಇದರ ನೆಂಟ ಇರಬಹುದು ಅನ್ನುವವರೂ ಇದ್ದಾರೆ. ನನಗಂತೂ ಮದುವೆಯ ಅರ್ಥವೇ ಹಳೆಯದು, ಮುಸುಕು ಆಮೇಲೆ ಬಂದು ಅಂಟಿಕೊಂಡಿದ್ದು ಅನ್ನಿಸುತ್ತದೆ. ಭಾಷಾ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಇಲ್ಲ.

ಅಭ್ಯಾಸಕ್ಕೆ ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಬಗ್ಗೆ ಇರುವ ಈ ಸಾಲು ತಗೊಳ್ಳಿ: ‘ಬೆಲ್ಲಾ ಗೆರಾಂತ್ ಆಲಿಯೀ, ತೂ ಫೇಲಿಕ್ಸ್ ಔಸ್ಟ್ರಿಯಾ ನೂಬೆ’. ಯುದ್ಧ ಬೇರೆಯವರು ಮಾಡಲಿ, ಭಾಗ್ಯವಂತ ಆಸ್ಟ್ರಿಯಾ, ನೀನು ಮದುವೆಯಾಗು. 1477ರಲ್ಲಿ ಬರ್ಗಂಡಿಯ ಮೇರಿಯನ್ನು ಮದುವೆಯಾಗಿದ್ದು ಈ ಮನೆತನದ ಮ್ಯಾಕ್ಸಿಮಿಲಿಯನ್, ಗಂಡಸು. ಆದರೂ ‘ನೂಬೆ’ ಸರಿ, ಯಾಕಂದ್ರೆ ಮಾತು ಔಸ್ಟ್ರಿಯಾಗೆ, ಆ ಪದ ಸ್ತ್ರೀಲಿಂಗ.