ಹಳೇ ಸೇತುವೆಯ ಚಿತ್ರದಲ್ಲಿ ಊರಿನ ಬದುಕು ಓದುವುದು ಹೇಗೆ?

ಸೇತುವೆಯ ಹಳೇ ಕೆತ್ತನೆ ಚಿತ್ರ ಸಿಕ್ಕಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಕಮಾನು ಎಣಿಸುವುದು. ಅದು ಆಮೇಲಿರಲಿ. ಚಿತ್ರವನ್ನು ದೊಡ್ಡದು ಮಾಡಿ, ಮೊದಲು ಸೇತುವೆಯ ತುದಿಗಳನ್ನು ನೋಡಿ.

ಥೇಮ್ಸ್ ನದಿಯ ಮೇಲಿದ್ದ ಹಳೇ ಲಂಡನ್ ಬ್ರಿಡ್ಜನ್ನೇ ತೆಗೆದುಕೊಳ್ಳಿ. ಡಚ್ ಕೆತ್ತನೆಗಾರ ವಿಸ್ಸರನ 1616ರ ಚಿತ್ರದಲ್ಲಿ ದಕ್ಷಿಣದ ಹೆಬ್ಬಾಗಿಲ ಮೇಲೆ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಏನೋ ಕಾಣುತ್ತದೆ. ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಅವು ರಾಜದ್ರೋಹದ ಆರೋಪ ಹೊತ್ತು ಸತ್ತವರ ತಲೆಗಳು. ತರಕಾರಿ ಹೊತ್ತವರಿಂದ ಹಿಡಿದು ಕುದುರೆ ಏರಿದವರ ತನಕ, ದಕ್ಷಿಣದಿಂದ ಸೇತುವೆ ದಾಟಿ ಊರೊಳಗೆ ಹೋಗುವವರೆಲ್ಲ ಅದರ ಕೆಳಗೇ ನಡೆಯಬೇಕಿತ್ತು.

ಇಷ್ಟು ದೊಡ್ಡ ಸೇತುವೆ, ಮೇಲೆ ಮಾತ್ರ ಜನವೇ ಕಾಣುವುದಿಲ್ಲ, ಅಲ್ವಾ? ನಮಗೆ ಕಾಣುವುದು ಸೇತುವೆಯ ಮೇಲೇ ಕಟ್ಟಿದ ಮನೆಗಳ ಬೆನ್ನು. ರಸ್ತೆ ಇರುವುದು ಎರಡು ಸಾಲು ಮನೆಗಳ ನಡುವೆ, ಕೆಳಗೆ ಅಂಗಡಿ, ಮೇಲೆ ಸಂಸಾರ. ಆ ಮನೆಗಳನ್ನು 1758ರಿಂದ 1762ರ ಹೊತ್ತಿಗೆ ಕೆಡವಿದರು. ಹಾಗಾಗಿ ಇದೇ ಸೇತುವೆಯ ಮೇಲೆ ಗಾಡಿ, ಜನ ಬಯಲಲ್ಲಿ ಕಂಡರೆ ಆ ಚಿತ್ರ ಅದಕ್ಕಿಂತ ಈಚಿನದು.

ಒಂದೇ ಚಿತ್ರ ನಂಬಿ ಕೂರಬೇಡಿ. ಇನ್ನೊಬ್ಬ ಕೆತ್ತನೆಗಾರ ಹಾಲರ್ 1647ರಲ್ಲಿ ಮಾಡಿದ್ದನ್ನು ಪಕ್ಕದಲ್ಲಿಡಿ: ಉತ್ತರದ ತುದಿಯಲ್ಲಿ ಮನೆಗಳಿಲ್ಲದ ಖಾಲಿ ಜಾಗವಿದೆ. 1633ರ ಬೆಂಕಿಯ ಗುರುತು ಅದು, ಹದಿನಾಲ್ಕು ವರ್ಷ ಕಳೆದರೂ ತುಂಬಿಲ್ಲ! ಆದರೆ ಅದೇ ಹಾಲರ್ ಗ್ಲೋಬ್ ನಾಟಕಶಾಲೆಯ ಹೆಸರನ್ನೂ ಕರಡಿ ಕಾಳಗದ ಕಟ್ಟಡದ ಹೆಸರನ್ನೂ ಅದಲುಬದಲು ಮಾಡಿದ್ದಾನೆ. ಬರೆದದ್ದಕ್ಕಿಂತ ಬಿಡಿಸಿದ್ದನ್ನು ಜಾಸ್ತಿ ನಂಬಿ. ಬಿಡಿಸಿದ್ದೂ ಕೆಲವು ಸಲ ಎಡಬಲ ತಿರುಗಿರುತ್ತದೆ, ಯಾಕೆಂದರೆ ಅಚ್ಚಾದ ಚಿತ್ರವನ್ನು ನೋಡಿ ಇನ್ನೊಬ್ಬ ತಾಮ್ರದ ತಗಡಿನ ಮೇಲೆ ಹಾಗೇ ಕೊರೆದರೆ ಕಾಗದದ ಮೇಲೆ ಅದು ಕನ್ನಡಿಯ ಬಿಂಬದಂತೆ ಬೀಳುತ್ತದೆ. ಗೊತ್ತಿರುವ ಚರ್ಚು ಸೇತುವೆಯ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ನೋಡಿದರೆ ಸಾಕು, ಸಿಕ್ಕಿಬೀಳುತ್ತದೆ.

ಈಗ ಕಮಾನು ಎಣಿಸಿ. ಹತ್ತೊಂಬತ್ತು, ಜೊತೆಗೆ ಹಡಗಿಗಾಗಿ ಎತ್ತುವ ಹಲಗೆಯ ಸೇತುವೆ. ಕಂಬಗಳ ಬುಡದ ಕಟ್ಟೆಗಳು ದಪ್ಪಗಿದ್ದು ನದಿಯನ್ನೇ ಕಟ್ಟಿಹಾಕಿದಂತಿವೆ. ಸಂದಿಯಲ್ಲಿ ನೀರು ಧುಮುಕುತ್ತಿತ್ತು. ಜೀವಭಯವಿದ್ದ ಪ್ರಯಾಣಿಕರು ಸೇತುವೆಗೆ ಮೊದಲೇ ದೋಣಿ ಇಳಿದು, ನಡೆದು ದಾಟಿ, ಆಚೆ ಮತ್ತೆ ಹತ್ತುತ್ತಿದ್ದರು. ದಡದ ಮೆಟ್ಟಿಲ ಹತ್ತಿರ ದೋಣಿಗಳು ಗುಂಪಾಗಿ ನಿಂತಿವೆಯಾ, ಅಲ್ಲಿ ಹುಡುಕಿ.