ಎರಡನೆಯ ಕ್ಯಾಮೆರಾ ಬಾಡಿಯನ್ನು ಆರಿಸಿಕೊಳ್ಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ನಡೆದ ನೆಂಟರ ಮದುವೆಯಲ್ಲಿ, ಅಂತರಪಟ ಸರಿದು ಇನ್ನೇನು ಧಾರೆ ಎನ್ನುವ ಹೊತ್ತಿಗೆ ನನ್ನ ಕ್ಯಾಮೆರಾದ ಶಟರ್ (ಬೆಳಕನ್ನು ಒಳಬಿಡುವ ಬಾಗಿಲು) ನಡುವೆಯೇ ಸಿಕ್ಕಿಕೊಂಡು ನಿಂತುಬಿಟ್ಟಿತು. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಬಿಚ್ಚಿ ಹಾಕಿದೆ, ಪರದೆಯ ಮೇಲಿನ ದೋಷಸೂಚನೆ ಮಾತ್ರ ಹೋಗಲಿಲ್ಲ. ಚೀಲದಲ್ಲಿ ಇನ್ನೊಂದು ಕ್ಯಾಮೆರಾ ಇತ್ತು, ಆದರೆ ಅದು ಬೇರೆ ಕಂಪನಿಯದು. ಮಂಟಪದ ಮಬ್ಬು ಬೆಳಕಿಗೆಂದೇ ತಂದಿದ್ದ ನನ್ನ 85 ಎಂಎಂ ಲೆನ್ಸ್ ಅದಕ್ಕೆ ಕೂರುವಂತಿರಲಿಲ್ಲ, ಜೊತೆಗಿದ್ದ ಎರಡು ಹೆಚ್ಚುವರಿ ಬ್ಯಾಟರಿಗಳೂ ಅದಕ್ಕೆ ಒಗ್ಗುವಂತಿರಲಿಲ್ಲ. ಅದರದೇ 18–55 ಎಂಎಂ ಝೂಮ್ ಇಟ್ಟುಕೊಂಡು ಹೇಗೋ ಕೆಲಸ ಮುಗಿಸಿದೆ. ರಾತ್ರಿ ಎರಡೂ ಕಾರ್ಡುಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸಮಯದ ಪ್ರಕಾರ ಜೋಡಿಸಿದಾಗ, ಅಂತರಪಟ ಸರಿಯುವ ಮೊದಲೇ ತಾಳಿ ಕಟ್ಟಿದಂತೆ ಕಾಣುತ್ತಿತ್ತು. ಎರಡನೆಯ ಕ್ಯಾಮೆರಾದ ಗಡಿಯಾರ ನಲವತ್ತು ನಿಮಿಷ ಹಿಂದೆ ಇದ್ದುದನ್ನು ನಾನು ಎಂದೂ ಗಮನಿಸಿರಲಿಲ್ಲ.

ಎರಡನೆಯ ಬಾಡಿಯನ್ನು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು) ಅದರ ಸ್ವಂತ ಗುಣಗಳಿಗಿಂತ ಹೆಚ್ಚಾಗಿ ಮೊದಲನೆಯ ಬಾಡಿಯೊಂದಿಗಿನ ಅದರ ನಂಟನ್ನು ನೋಡಿ ಆರಿಸಬೇಕು ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ. ಒಂದೇ ಲೆನ್ಸ್, ಒಂದೇ ಬ್ಯಾಟರಿ, ಒಂದೇ ಬಗೆಯ ಕಾರ್ಡು, ಬೆರಳಿಗೆ ಒಂದೇ ಜಾಗದಲ್ಲಿ ಸಿಗುವ ಗುಂಡಿಗಳು, ಇಷ್ಟು ಇದ್ದರೆ ಮೆಗಾಪಿಕ್ಸೆಲ್ ನಾಲ್ಕು ಕಡಿಮೆಯಾದರೂ ನಷ್ಟವೇನಿಲ್ಲ.

ಆದರೆ ಅದಕ್ಕೂ ಮೊದಲು, ಎರಡನೆಯ ಬಾಡಿ ಯಾವ ಕೆಲಸಕ್ಕೆ ಎಂಬುದನ್ನು ಪ್ರಾಮಾಣಿಕವಾಗಿ ನಿರ್ಧರಿಸಿಕೊಳ್ಳಬೇಕು, ಏಕೆಂದರೆ ‘ಸುಮ್ಮನೆ ಓಡಾಡುವಾಗ ಒಯ್ಯುವುದಕ್ಕೂ ಆಯಿತು, ಆಪತ್ತಿಗೂ ಆಯಿತು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಎರಡು ಕೆಲಸಗಳು ಕ್ಯಾಮೆರಾವನ್ನು ಎರಡು ದಿಕ್ಕಿಗೆ ಎಳೆಯುತ್ತವೆ. ಓಡಾಟಕ್ಕೆ ಬೇಕಾದದ್ದು ಹಗುರತನ. ಆಪತ್ತಿಗೆ ಬೇಕಾದದ್ದು ಮೊದಲನೆಯ ಕ್ಯಾಮೆರಾದ ಜಾಗದಲ್ಲಿ ನಿಂತು ಅದರ ಕೆಲಸವನ್ನೇ ಮಾಡುವ ಶಕ್ತಿ. ಇವೆರಡರ ಜೊತೆಗೆ ಮೂರನೆಯ ಉಪಯೋಗವೂ ಒಂದಿದೆ, ಅನುಭವವಾಗುವವರೆಗೆ ಅದು ಅಷ್ಟಾಗಿ ಹೊಳೆಯುವುದಿಲ್ಲ. ಬೇಸಗೆಯಲ್ಲಿ ಕಬಿನಿಯ ಸಫಾರಿ ಜೀಪಿನಲ್ಲಿ ಕುಳಿತು ಲೆನ್ಸ್ ಬದಲಿಸಿದವರಿಗೆ, ಮುಂದಿನ ವಾಹನ ಎಬ್ಬಿಸಿದ ಧೂಳು ಚಿತ್ರ ಮೂಡುವ ಸೆನ್ಸರಿನ ಮೇಲೆ ಕುಳಿತು ಆಮೇಲಿನ ಪ್ರತಿ ಚಿತ್ರದ ಆಕಾಶದಲ್ಲೂ ಬೂದು ಚುಕ್ಕೆಯಾಗಿ ಬರುವುದು ಗೊತ್ತು. ರಂಗನತಿಟ್ಟಿನ ದೋಣಿಯಲ್ಲೂ ಅಷ್ಟೆ: ಒಂದು ಕೈಯಲ್ಲಿ 200–500 ಎಂಎಂ, ಇನ್ನೊಂದು ಕೈಯಲ್ಲಿ ಮುಚ್ಚಳ ತೆರೆದ ಬಾಡಿ ಹಿಡಿದಿರುವಾಗಲೇ ಕೊಕ್ಕರೆ ಮರಿಗೆ ಗುಟುಕು ಕೊಟ್ಟು ಹಾರಿಹೋಗಿರುತ್ತದೆ. ದೂರದ ಲೆನ್ಸ್ ಒಂದಕ್ಕೆ, ಹತ್ತಿರದ ಲೆನ್ಸ್ ಇನ್ನೊಂದಕ್ಕೆ ಹಾಕಿಟ್ಟುಕೊಂಡರೆ ಲೆನ್ಸ್ ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಇನ್ನು ಮೌಂಟಿನ, ಅಂದರೆ ಲೆನ್ಸನ್ನು ಬಾಡಿಗೆ ಸಿಕ್ಕಿಸುವ ಉಂಗುರದ ವಿಚಾರ. ನಿಕಾನಿನ ಎಫ್ ಮೌಂಟ್ 1959ರಿಂದಲೂ, ಕ್ಯಾನನ್ನಿನ ಇಎಫ್ ಮೌಂಟ್ 1987ರಿಂದಲೂ ಇವೆ. 2018ರಲ್ಲಿ ಎರಡೂ ಕಂಪನಿಗಳು ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಮಿರರ್‌ಲೆಸ್‌ಗೆಂದು (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆಂದು) ಝಡ್ ಮತ್ತು ಆರ್‌ಎಫ್ ಎಂಬ ಹೊಸ ಮೌಂಟುಗಳನ್ನು ತಂದವು. ಹಳೆಯ ಮೌಂಟಿನಲ್ಲಿ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ ಇರುವ ದೂರ ನಿಕಾನಿನಲ್ಲಿ 46.5 ಮಿ.ಮೀ., ಕ್ಯಾನನ್ನಿನಲ್ಲಿ 44 ಮಿ.ಮೀ.; ಹೊಸದರಲ್ಲಿ ಅದು ಕ್ರಮವಾಗಿ 16 ಮತ್ತು 20 ಮಿ.ಮೀ. ಹಾಗಾಗಿ ಹಳೆಯ ಲೆನ್ಸನ್ನು ಹೊಸ ಬಾಡಿಗೆ ಹಾಕುವಾಗ ನಡುವೆ ಉಳಿಯುವ ತೆರಪನ್ನು ಅಡಾಪ್ಟರ್ ತುಂಬುತ್ತದೆ, ಆಟೋಫೋಕಸ್ ಕೂಡ ಬಹುಮಟ್ಟಿಗೆ ಚೆನ್ನಾಗಿಯೇ ನಡೆಯುತ್ತದೆ. ಹೊಸ ಲೆನ್ಸನ್ನು ಹಳೆಯ ಬಾಡಿಗೆ ಹಾಕಲು ಮಾತ್ರ ದಾರಿಯಿಲ್ಲ. ನಿಮ್ಮಲ್ಲಿರುವ ಮೊದಲ ಕ್ಯಾಮೆರಾ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಹಳೆಯ ಬಗೆಯದು) ಆಗಿದ್ದರೆ ಎರಡನೆಯದು ಅದೇ ಕಂಪನಿಯ ಮಿರರ್‌ಲೆಸ್ ಆಗಬಹುದು. ಮೊದಲನೆಯದು ಮಿರರ್‌ಲೆಸ್ ಆಗಿ, ಲೆನ್ಸುಗಳೆಲ್ಲ ಹೊಸ ಮೌಂಟಿನವಾಗಿದ್ದರೆ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಡಿಎಸ್‌ಎಲ್‌ಆರ್ ತರುವುದರಿಂದ ಬಾಡಿಯೊಂದಿಗೆ ಇನ್ನೊಂದು ಜೊತೆ ಲೆನ್ಸುಗಳನ್ನೂ ಸಾಕಬೇಕಾಗುತ್ತದೆ. ಕ್ಯಾನನ್ನಿನ ಇಓಎಸ್ ಎಂ ಸರಣಿಯ ಪುಟ್ಟ ಬಾಡಿಗಳು ನೋಡಲು ಮುದ್ದಾಗಿವೆ, ಆದರೆ ಅವುಗಳ ಇಎಫ್-ಎಂ ಲೆನ್ಸುಗಳು ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಆ ದಾರಿ ಅಲ್ಲಿಗೇ ಮುಗಿಯುತ್ತದೆ.

ಒಂದೇ ಮೌಂಟಿನೊಳಗೂ ಒಳಗುಟ್ಟುಗಳಿವೆ. ನಮ್ಮಲ್ಲಿ ಬಹಳ ಮಂದಿಯ ಬಳಿ ಇರುವ ನಿಕಾನ್ 50 ಎಂಎಂ ಎಫ್/1.8ಡಿ ಲೆನ್ಸಿನಲ್ಲಿ ಫೋಕಸ್ ಮೋಟಾರ್ ಇಲ್ಲ. ಬಾಡಿಯ ಮೋಟಾರೇ ಸಣ್ಣ ತಿರುಪಿನ ಮೂಲಕ ಅದನ್ನು ತಿರುಗಿಸಬೇಕು. ಡಿ7200, ಡಿ750ಗಳಲ್ಲಿ ಆ ಮೋಟಾರ್ ಇದೆ. ಡಿ3500, ಡಿ5600ಗಳಲ್ಲಿ ಇಲ್ಲ, ಮಿರರ್‌ಲೆಸ್‌ಗೆ ಬರುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ, ಆದ್ದರಿಂದ ಅಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಕ್ಯಾನನ್ನಿನಲ್ಲಿ ಚಿಕ್ಕ ಸೆನ್ಸರಿಗೆಂದು ಮಾಡಿದ ಇಎಫ್-ಎಸ್ ಲೆನ್ಸುಗಳು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಲೆನ್ಸುಗಳನ್ನೆಲ್ಲ ಜೊತೆಯಲ್ಲೇ ಒಯ್ದು, ಒಂದೊಂದನ್ನೂ ಹಾಕಿ ನೋಡುವುದಕ್ಕಿಂತ ಖಚಿತವಾದ ಪರೀಕ್ಷೆ ಬೇರೆಯಿಲ್ಲ.

ಬ್ಯಾಟರಿಯ ಬಗ್ಗೆ ಜನ ಕೊನೆಯಲ್ಲಿ ಯೋಚಿಸುತ್ತಾರೆ. ನನಗೆ ಅದು ಮೌಂಟಿನ ನಂತರದ ಮುಖ್ಯ ಮಾತು. ನಿಕಾನಿನ ಇಎನ್-ಇಎಲ್15 ಕುಟುಂಬದ ಬ್ಯಾಟರಿ ಡಿ7000ದಿಂದ ಹಿಡಿದು ಡಿ7200, ಡಿ500, ಡಿ610, ಡಿ750, ಡಿ850ಗಳವರೆಗೆ, ಅಲ್ಲಿಂದ ಝಡ್5, ಝಡ್6ಗಳವರೆಗೂ ನಡೆಯುತ್ತದೆ. ಅದೇ ಕಂಪನಿಯ ಡಿ5600ಕ್ಕೆ ಬೇರೆ ಬ್ಯಾಟರಿ, ಝಡ್50ಗೆ ಇನ್ನೂ ಬೇರೆ. ಕ್ಯಾನನ್ನಿನ ಎಲ್‌ಪಿ-ಇ6 ಕುಟುಂಬ 5ಡಿ ಮಾರ್ಕ್ 2, 80ಡಿ, 6ಡಿಗಳಿಂದ ಆರ್6, ಆರ್7ರವರೆಗೆ ಸಾಗುತ್ತದೆ, ಆದರೆ ಹಗುರವೆಂದು ಎಲ್ಲರೂ ಕೈಹಾಕುವ ಆರ್8, ಆರ್10, ಆರ್50ಗಳಿಗೆ ಬೇಕಾದದ್ದು ಎಲ್‌ಪಿ-ಇ17. ಸೋನಿಯಲ್ಲಿ ಎ7 ಮಾರ್ಕ್ 3 ಇರುವವರು ಎ6400 ಕೊಂಡರೆ ಎರಡು ಚಾರ್ಜರ್ ಹೊರಬೇಕು, ಎ6600 ಅಥವಾ ಎ6700 ಕೊಂಡರೆ ಒಂದೇ ಸಾಕು. ಫ್ಯೂಜಿಯ ಎಕ್ಸ್-ಟಿ3 ಮತ್ತು ಜೇಬಿಗೆ ಹತ್ತಿರವಾದ ಎಕ್ಸ್100ವಿ ಒಂದೇ ಎನ್‌ಪಿ-ಡಬ್ಲ್ಯೂ126ಎಸ್ ಬ್ಯಾಟರಿಯಲ್ಲಿ ನಡೆಯುತ್ತವೆ. ಎಕ್ಸ್-ಟಿ4ಕ್ಕೆ ಹೋದರೆ ಆ ನಂಟು ಕಡಿಯುತ್ತದೆ. ಕರೆಂಟು ಹೋಗಿ ಬರುವ ಊರಿನ ಮದುವೆಮನೆಯಲ್ಲಿ, ಒಂದೇ ಪ್ಲಗ್ ಪಾಯಿಂಟಿಗೆ ಹತ್ತು ಜನರ ಫೋನುಗಳು ಕಾಯುತ್ತಿರುವಾಗ, ಎರಡು ಬಗೆಯ ಚಾರ್ಜರಿಗೆ ಜಾಗ ಹುಡುಕುವುದು ಎಂಥ ಕಷ್ಟವೆಂದು ಅನುಭವಿಸಿದವರಿಗೆ ಈ ಪಟ್ಟಿ ದೀರ್ಘವೆನಿಸದು.

ಕಾರ್ಡಿನ ವಿಚಾರ ಚಿಕ್ಕದು: ಎರಡೂ ಬಾಡಿಗಳು ಎಸ್‌ಡಿ ಕಾರ್ಡನ್ನು ಒಪ್ಪುವಂತಿದ್ದರೆ ಸಾಕು. ಹಣ ಪಡೆದು ಮಾಡುವ ಕೆಲಸಕ್ಕಾದರೆ ಆಪತ್ತಿನ ಬಾಡಿಯಲ್ಲೂ ಎರಡು ಕಾರ್ಡ್ ಸ್ಲಾಟ್ ಇರಲಿ; ಡಿ7200ರಲ್ಲಿ ಎರಡಿವೆ, ಅದರ ನಂತರ ಬಂದ ಡಿ7500ರಲ್ಲಿ ಒಂದೇ ಇದೆ.

ಸೆನ್ಸರಿನ ಅಳತೆ ಒಂದೇ ಇರಬೇಕೆಂದೇನಿಲ್ಲ, ಬೇರೆ ಇದ್ದರೆ ಅದರಿಂದ ಲಾಭವೂ ಉಂಟು. ಫುಲ್ ಫ್ರೇಮ್ ಇರುವವರು ಕ್ರಾಪ್ ಸೆನ್ಸರಿನ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರಿನ ಬಾಡಿಯನ್ನು ಎರಡನೆಯದಾಗಿ ಇಟ್ಟುಕೊಂಡರೆ, ನಿಕಾನ್, ಸೋನಿಗಳಲ್ಲಿ 1.5 ಪಟ್ಟು, ಕ್ಯಾನನ್ನಿನಲ್ಲಿ 1.6 ಪಟ್ಟು ಕಿರಿದಾದ ನೋಟ ಸಿಗುತ್ತದೆ. ಲೆನ್ಸಿನ ಎಂಎಂ ಅಂಕಿ ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ; 1.5 ಪಟ್ಟಿನ ಲೆಕ್ಕದಲ್ಲಿ 70–300 ಎಂಎಂ ಲೆನ್ಸ್ 450 ಎಂಎಂನಷ್ಟು ದೂರ ನೋಡುತ್ತದೆ, 50 ಎಂಎಂ ಲೆನ್ಸ್ 75 ಎಂಎಂ ಆಗಿ ಮುಖಚಿತ್ರಕ್ಕೆ ಒದಗುತ್ತದೆ. ಹಕ್ಕಿ, ಪ್ರಾಣಿಗಳ ಹಿಂದೆ ಹೋಗುವವರಿಗೆ ಇದು ಬಲು ಪ್ರಯೋಜನಕಾರಿ. ಆದರೆ 24 ಎಂಎಂ ಲೆನ್ಸ್ 36 ಎಂಎಂ ಆಗಿಬಿಡುವುದರಿಂದ, ಮನೆಯ ನಡುವಿನ ಕಿರಿದಾದ ಜಾಗದಲ್ಲಿ ಮನೆಮಂದಿಯನ್ನೆಲ್ಲ ಒಂದೇ ಚಿತ್ರದಲ್ಲಿ ತರಬೇಕಾದಾಗ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಆಪತ್ತಿಗೆಂದೇ ಕೊಳ್ಳುವವರು ಕ್ರಾಪ್ ಬಾಡಿಗೆ ಹೊಂದುವ ಅಗಲ ನೋಟದ ಲೆನ್ಸೊಂದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೂಕದ ಮಾತಿಗೆ ಬಂದರೆ, ಡಿ750 ಬಾಡಿ 750 ಗ್ರಾಂ, ಡಿ3500 ಬಾಡಿ 365 ಗ್ರಾಂ. ಚಿಕ್ಕದು ದೊಡ್ಡದರ ಅರ್ಧಕ್ಕೂ ಕಡಿಮೆ. ಸಂತೆಗೆ, ಜಾತ್ರೆಗೆ, ಮಗುವಿನೊಂದಿಗೆ ಪಾರ್ಕಿಗೆ ಹೋಗುವಾಗ ದೊಡ್ಡದು ಮನೆಯಲ್ಲೇ ಉಳಿಯುತ್ತದೆ, ಚಿಕ್ಕದು ಹೆಗಲಿಗೇರುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆಪತ್ತಿನ ಚಿಂತೆಯೇ ಇಲ್ಲದವರು ರಿಕೋ ಜಿಆರ್ 3 ಅಥವಾ ಎಕ್ಸ್100ವಿಯಂಥ ಲೆನ್ಸ್ ಬದಲಾಗದ ಕ್ಯಾಮೆರಾ ಕೊಳ್ಳುವುದೇ ಲೇಸು, ಅಥವಾ ಕೈಯಲ್ಲಿರುವ ಫೋನನ್ನೇ ಚೆನ್ನಾಗಿ ಬಳಸಲು ಕಲಿತರೂ ಆಯಿತು. ಎರಡೂ ಬೇಕೆನ್ನುವವರಿಗೆ ನನ್ನ ಸಲಹೆ, ಮೊದಲ ಕ್ಯಾಮೆರಾದ ಮೌಂಟ್ ಮತ್ತು ಬ್ಯಾಟರಿಯನ್ನು ಹಂಚಿಕೊಳ್ಳುವ ಬಾಡಿಗಳಲ್ಲಿ ಒಂದು ತಲೆಮಾರು ಹಳೆಯದನ್ನು ಹುಡುಕಿ, ಅದಕ್ಕೆ 35 ಅಥವಾ 50 ಎಂಎಂನ ಪುಟ್ಟ ಲೆನ್ಸ್ ಹಾಕಿಕೊಳ್ಳಿ ಎಂಬುದು. ಹೊರುವ ಭಾರದಲ್ಲಿ ಹೆಚ್ಚಿನ ಪಾಲು ಲೆನ್ಸಿನದೇ ಆಗಿರುತ್ತದೆ. ಡಿ750 ಇರುವವರಿಗೆ ಡಿ7200, 5ಡಿ ಮಾರ್ಕ್ 4 ಇರುವವರಿಗೆ 80ಡಿ, ಆರ್6 ಇರುವವರಿಗೆ ಆರ್7, ಎ7 ಮಾರ್ಕ್ 3 ಇರುವವರಿಗೆ ಎ6600, ಇವು ನಾನು ಕಣ್ಣುಮುಚ್ಚಿ ಹೇಳುವ ಜೋಡಿಗಳು.

ಇಂಥ ಬಾಡಿ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುವುದು. ನಿಕಾನ್, ಕ್ಯಾನನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಾಡಿಗಳನ್ನು ತಂದಿಲ್ಲವಾದ್ದರಿಂದ ಜನ ಮಿರರ್‌ಲೆಸ್‌ಗೆ ಹೊರಳಿ, ಒಳ್ಳೆಯ ಬಾಡಿಗಳನ್ನು ಮಾರುತ್ತಿದ್ದಾರೆ. ಕೊಳ್ಳುವ ಮುನ್ನ ಅರ್ಧ ಗಂಟೆ ಕೇಳಿಕೊಂಡು ಪರೀಕ್ಷಿಸಿ. ಮೊದಲು ಶಟರ್ ಎಣಿಕೆ, ಅಂದರೆ ಇದುವರೆಗೆ ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ. ನಿಕಾನಿನಲ್ಲಾದರೆ ಸ್ಥಳದಲ್ಲೇ ತೆಗೆದ ಜೆಪೆಗ್ ಚಿತ್ರದೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲೇ ಆ ಸಂಖ್ಯೆ ಇರುತ್ತದೆ. ಕ್ಯಾನನ್ನಿನ ಬಹುತೇಕ ಬಾಡಿಗಳಿಗೆ ಕೇಬಲ್ ಹಾಕಿ ತಂತ್ರಾಂಶದಿಂದ ಓದಬೇಕು. ಡಿ750, ಡಿ7200ಗಳ ಶಟರನ್ನು ಕಂಪನಿ 1,50,000 ಸಲ, ಡಿ3500ರದನ್ನು 1,00,000 ಸಲ ಬಡಿದು ಪರೀಕ್ಷಿಸಿದೆ. ಅದು ಆಯುಸ್ಸಿನ ಕೊನೆಯೆಂದಲ್ಲ, ಆದರೆ ಆ ಅಂಕಿಯ ಹತ್ತಿರ ಬಂದ ಬಾಡಿಗೆ ಶಟರ್ ಬದಲಿಸುವ ಖರ್ಚನ್ನು ಕಳೆದು ಬೆಲೆ ಹೇಳಿ. ಬಳಿಕ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು) ಎಫ್/16ಕ್ಕೆ ಕಿರಿದಾಗಿಸಿ ಆಕಾಶವನ್ನೋ ಬಿಳಿಗೋಡೆಯನ್ನೋ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕಾದ ದುಂಡು ಚುಕ್ಕೆಗಳು ಧೂಳು, ತೊಳೆಯಬಹುದು. ಸ್ವಚ್ಛ ಮಾಡಿದ ಮೇಲೂ ಉಳಿಯುವ ಚೂಪಾದ ಗೀರು ಕಂಡರೆ ಬಿಟ್ಟುಬಿಡಿ. ಅದೇ ಗೋಡೆಯನ್ನು ಹಗಲು ಬೆಳಕಿನಲ್ಲಿ 1/4000 ಸೆಕೆಂಡಿನಲ್ಲಿ ಐದಾರು ಸಲ ತೆಗೆದಾಗ ಒಂದು ಅಂಚು ಮಾತ್ರ ಕಪ್ಪಾಗಿ ಬರುತ್ತಿದ್ದರೆ ಶಟರಿನ ಪರದೆಗಳು ಸಮನಾಗಿ ಓಡುತ್ತಿಲ್ಲವೆಂದು ತಿಳಿಯಬೇಕು.

ಡಿಎಸ್‌ಎಲ್‌ಆರ್ ಆದರೆ ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ದರ್ಜಿಯ ಟೇಪನ್ನು ಮೇಜಿನ ಮೇಲೆ ಹಾಸಿ, ನಲವತ್ತೈದು ಡಿಗ್ರಿ ಓರೆಯಿಂದ, ಲೆನ್ಸಿನ ಅತಿ ದೊಡ್ಡ ಅಪರ್ಚರಿನಲ್ಲಿ, 30ರ ಅಂಕಿಗೆ ಫೋಕಸ್ ಮಾಡಿ ತೆಗೆಯಿರಿ. ಸ್ಪಷ್ಟವಾಗಿ ಬಂದದ್ದು 28 ಅಥವಾ 33 ಆಗಿದ್ದರೆ ಬಾಡಿ ಮತ್ತು ಲೆನ್ಸಿನ ನಡುವೆ ಹೊಂದಾಣಿಕೆ ತಪ್ಪಿದೆ. ಡಿ7200, ಡಿ750, 70ಡಿ, 80ಡಿಗಳಲ್ಲಿ ಅದನ್ನು ಮೆನುವಿನಿಂದಲೇ ತಿದ್ದಬಹುದು. ಡಿ5600, ಡಿ3500, 60ಡಿಗಳಲ್ಲಿ ಆ ಸೌಲಭ್ಯವಿಲ್ಲ. ಫ್ಲ್ಯಾಶ್ ಬಳಸುವವರು ಹಾಟ್ ಶೂ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರುವ ಜಾಗ) ಮೇಲೆ ನಿಮ್ಮದೇ ಟ್ರಿಗರ್ (ಫ್ಲ್ಯಾಶಿಗೆ ಸಂಕೇತ ಕಳಿಸುವ ಸಾಧನ) ಹಾಕಿ ಹೊಡೆದು ನೋಡಿ: 2019ರ ಕ್ಯಾನನ್ 200ಡಿ ಮಾರ್ಕ್ 2ರ ಹಾಟ್ ಶೂನಲ್ಲಿ ನಡುವಿನ ಸಂಪರ್ಕಬಿಂದುವೇ ಇಲ್ಲ, ಆ ಬಿಂದುವೊಂದನ್ನೇ ನಂಬಿದ ಸಾದಾ ಟ್ರಿಗರುಗಳು ಅದರ ಮೇಲೆ ಮೌನವಾಗಿ ಕೂರುತ್ತವೆ. ದುಬೈಯಿಂದಲೋ ಸಿಂಗಪುರದಿಂದಲೋ ನೆಂಟರು ಹೊಸ ಬಾಡಿ ತರುವುದಿದ್ದರೆ, ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಜಪಾನಿನ ಒಳಮಾರುಕಟ್ಟೆಗೆಂದು ಬಂದ ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಷ್ಟೇ ಇರುವುದುಂಟು, ಅದನ್ನೂ ನೋಡಿಕೊಳ್ಳಬೇಕು.

ಮನೆಗೆ ತಂದ ದಿನವೇ ಎರಡೂ ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಫೋನಿನ ಗಡಿಯಾರ ನೋಡುತ್ತ ಎರಡರ ಸಮಯವನ್ನೂ ಸೆಕೆಂಡಿನವರೆಗೆ ಒಂದಾಗಿಸಿ. ಚಿತ್ರದ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಬದಲಿಸುವ ಸೌಲಭ್ಯ ನಿಕಾನಿನ ಮೆನುವಿನಲ್ಲಿದೆ. ಒಂದೊಂದು ಬಾಡಿಗೆ ಒಂದೊಂದು ಹೆಸರು ಕೊಡದಿದ್ದರೆ ಎರಡರಲ್ಲೂ ಒಂದೇ ಸಂಖ್ಯೆಯ ಫೈಲುಗಳು ಹುಟ್ಟಿ, ಒಂದೇ ಫೋಲ್ಡರಿಗೆ ಹಾಕುವಾಗ ಒಂದರ ಮೇಲೆ ಒಂದು ಬರೆದು ಅಳಿಸಿಹೋಗುವ ಅಪಾಯವಿದೆ. ಪಿಕ್ಚರ್ ಕಂಟ್ರೋಲ್ (ಚಿತ್ರದ ಬಣ್ಣ, ಗಾಢತೆಗಳ ಹೊಂದಿಕೆ) ಒಂದೇ ಇರಲಿ, ಮಂಟಪದಂಥ ಮಿಶ್ರ ಬೆಳಕಿನಲ್ಲಿ ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ಹೊಂದಿಕೆಯನ್ನು) ಆಟೋದಲ್ಲಿ ಬಿಡದೆ ಎರಡಕ್ಕೂ ಒಂದೇ ಕೆಲ್ವಿನ್ ಅಂಕಿ ಕೊಡಿ, ಇಲ್ಲದಿದ್ದರೆ ವಧುವಿನ ಒಂದೇ ಸೀರೆ ಎರಡು ಕ್ಯಾಮೆರಾಗಳಲ್ಲಿ ಎರಡು ಬಣ್ಣವಾಗಿ ಬರುತ್ತದೆ. ಹಿಂಬದಿಯ ಗುಂಡಿಯಿಂದ ಫೋಕಸ್ ಮಾಡುವ ಅಭ್ಯಾಸವಿದ್ದರೆ ಎರಡನೆಯದರಲ್ಲೂ ಹಾಗೆಯೇ ಹೊಂದಿಸಿ.

ಎರಡನೆಯ ಬಾಡಿಯನ್ನು ಕೊಂಡು ಕಪಾಟಿನಲ್ಲಿ ಮರೆತವರು ನನಗೆ ಬಹಳ ಮಂದಿ ಗೊತ್ತು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದ ತೇವಕ್ಕೆ ಚರ್ಮದ ಚೀಲದೊಳಗಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಡ್ರೈ ಕ್ಯಾಬಿನೆಟ್ ಇದ್ದರೆ 40–50 ಶೇಕಡಾ ತೇವದಲ್ಲಿಡಿ, ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಿ. ನಾನು ತಿಂಗಳ ಮೊದಲ ಭಾನುವಾರ ಎರಡು ಬಾಡಿಗಳ ಬ್ಯಾಟರಿಗಳನ್ನು ಅದಲುಬದಲು ಮಾಡಿ, ಎರಡನೆಯದರಲ್ಲಿ ಅಂಗಳದ ದಾಸವಾಳವನ್ನೋ ಬೇಲಿಯ ಮೇಲಿನ ಪಿಕಳಾರವನ್ನೋ ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಗಡಿಯಾರ ನೋಡಿ, ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಒಳಗಿಡುತ್ತೇನೆ.